ಮಣ್ಣಿನ ಕೋಟೆ, ಮಣ್ಣಿನ ಏರಿ

ಆಷಾಢದ ಸೋನೆ ಮಳೆಯಲ್ಲಿ ತಿಪಟೂರಿನಿಂದ ತುರುವೇಕೆರೆಗೆ, ಅಲ್ಲಿಂದ ಚಿಕ್ಕನಾಯಕನಹಳ್ಳಿಗೆ ಬೈಕಿನಲ್ಲಿ ಒಂದು ಸುತ್ತು ಹಾಕಿ ನೋಡಿ. ಸಮುದ್ರಮಟ್ಟದಿಂದ ಸುಮಾರು 2800 ಅಡಿ ಎತ್ತರದ ಬಯಲು ಇದು. ಬೆಳಗ್ಗೆ ಕೆರೆ ಮೇಲೆ ಮಂಜು ಕೂತಿರುತ್ತೆ, ಆಚೆ ದಡದ ತೆಂಗಿನ ಸಾಲು ಅರ್ಧಂಬರ್ಧ ಕಾಣುತ್ತೆ. ಸ್ಕಾಟ್‌ಲೆಂಡಿಗೆ ಆನ್‌ಸೈಟ್ ಹೋಗಿ ಬಂದ ನಮ್ಮ ಆಫೀಸಿನವರು ತೋರಿಸೋ ಫೋಟೋಗಳಲ್ಲೂ ಹೀಗೇ ಕೆರೆ, ಹೀಗೇ ಮಂಜು. ಒಂದೇ ವ್ಯತ್ಯಾಸ, ಅಲ್ಲಿ ಹಿಂದುಗಡೆ ಒಂದು ಕೋಟೆ ನಿಂತಿರುತ್ತೆ. ಹಾಗಾದ್ರೆ ನಮ್ಮ ಕೋಟೆಗಳು ಎಲ್ಲಿ ಹೋದವು?

ಇರಲೇ ಇಲ್ಲ ಅಂದುಕೊಳ್ಳಬೇಡಿ. ಚಿಕ್ಕನಾಯಕನಹಳ್ಳಿಗೆ ಹೆಸರು ಬಂದದ್ದೇ ಹಾಗಲವಾಡಿ ಪಾಳೇಗಾರರ ಮನೆತನದ ಚಿಕ್ಕನಾಯಕನಿಂದ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ನಮ್ಮ ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಊರಿಗೂ ಬಂದಿದ್ದ (ಇವನೂ ಸ್ಕಾಟ್‌ಲೆಂಡಿನವನೇ!). 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಊರಿನ ಚಿತ್ರ ಇದೆ: ಚೌಕಾಕಾರದ ದೊಡ್ಡ ಊರು, ಸುತ್ತ ಮಣ್ಣಿನ ಕೋಟೆ, ಮೂಲೆಗಳಲ್ಲಿ ಬತೇರಿಗಳು, ನಡುವೆ ಅದೇ ಥರದ ಇನ್ನೊಂದು ಒಳಕೋಟೆ. ಈ ಊರಿಗಾಗಿ ಬಡಿದಾಡಿದವರೂ ಕಮ್ಮಿ ಇಲ್ಲ. ಬಿಜಾಪುರದ ರಣದುಲ್ಲಾಖಾನ್, ಆಮೇಲೆ ಮೈಸೂರಿನ ಚಿಕ್ಕದೇವರಾಜ ಒಡೆಯರು. ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ಬಂದಾಗ ಅವನ ಜೊತೆಗೂಡಲು ಹೊರಟ ಪರಶುರಾಮ ಭಾವೂನ ಮರಾಠಾ ದಂಡು ದಾರಿಯಲ್ಲಿ ಊರನ್ನು ದೋಚಿಕೊಂಡು ಹೋಯಿತು.

ಗಮನಿಸಿ, ಮಣ್ಣಿನ ಕೋಟೆ. ಚಿತ್ರದುರ್ಗದ ಹಾಗೆ ಬಂಡೆಗಳ ಮೇಲೆ ಕಲ್ಲು ಜೋಡಿಸಿದ್ದಲ್ಲ. ಮಣ್ಣಿನ ಗೋಡೆಗೆ ಫಿರಂಗಿ ಗುಂಡಿಗಿಂತ ದೊಡ್ಡ ಶತ್ರು ಮಳೆ. ಪ್ರತಿ ಮಳೆಗಾಲ ಕಳೆದ ಮೇಲೆ ಕುಸಿದಲ್ಲಿ ಮೆತ್ತಬೇಕು, ಕೊರೆದಲ್ಲಿ ತುಂಬಬೇಕು. 1799ರ ನಂತರ ಈ ಕೆಲಸ ಮಾಡಿಸೋಕೆ ಯಾರಿಗೂ ಕಾರಣವೇ ಉಳಿಯಲಿಲ್ಲ. ಪಾಳೇಗಾರ ಇಲ್ಲ, ಯುದ್ಧ ಇಲ್ಲ. ನಮ್ಮ ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ಹಳೇ ಕೋಟೆಯ ಹಾಳುಮಣ್ಣನ್ನು ರೈತರು ಗಾಡಿಯಲ್ಲಿ ತುಂಬಿ ಹೊಲಕ್ಕೆ ಹೊಡೆದರು, ಒಳ್ಳೇ ಗೊಬ್ಬರ ಅಂತ. ಹಾಗಾಗಿ ಕೋಟೆ ಹುಡುಕಿಕೊಂಡು ಹೋದವರಿಗೆ ಸಿಗೋದು ಒಂದು ಕೋಟೆ ಬೀದಿ, ಇಲ್ಲಾಂದ್ರೆ ಒಬ್ಬ ಕೋಟೆ ಆಂಜನೇಯ :-)

ಈಗ ಊರುಗಳ ಹೆಸರು ಓದುತ್ತಾ ಹೋಗಿ. ತುರುವೇಕೆರೆ, ನೊಣವಿನಕೆರೆ, ಶೆಟ್ಟಿಕೆರೆ, ಕಂದಿಕೆರೆ, ಬಿಳಿಗೆರೆ, ಮಲ್ಲಾಘಟ್ಟ, ದಬ್ಬೇಘಟ್ಟ... ಕೆರೆ ಕೆರೆ ಕೆರೆ! ಕೋಟೆ ಅಂತ ಮುಗಿಯೋ ಹೆಸರು ಇಲ್ಲಿ ಹುಡುಕಿದರೂ ಸಿಗೋದು ಕಷ್ಟ. ಜನ ತಮ್ಮ ಊರನ್ನು ಗುರುತಿಸಿಕೊಂಡಿದ್ದು ನೀರಿನಿಂದ.

ಆ ಕೆರೆಯ ಏರಿಯೂ ಮಣ್ಣೇ ತಾನೆ? ಅದೇ ಕೆಂಪುಮಣ್ಣು, ಅಗೆದು ಹೊತ್ತು ಹಾಕಿದವರ ಅದೇ ಬೆವರು. ಆದರೂ ಪಾಳೇಗಾರರಿಗಿಂತ ಎಷ್ಟೋ ಹಳೆಯ ಕೆರೆಗಳು ಉಳಿದವು, ಕೋಟೆ ಕರಗಿತು. ನನಗೆ ಇಡೀ ಕಥೆಯಲ್ಲಿ ಕುತೂಹಲ ಹುಟ್ಟಿಸೋದು ಇದೇ. ಉತ್ತರ ನಮ್ಮ ಶಾಸನಗಳಲ್ಲಿದೆ. ಕರ್ನಾಟಕದುದ್ದಕ್ಕೂ ಕೆರೆಗಳ ಶಾಸನಗಳಲ್ಲಿ 'ಬಿತ್ತುವಟ್ಟ', 'ಕಟ್ಟುಕೊಡಗೆ' ಅನ್ನೋ ಪದಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿಸಿದವನಿಗೆ, ಅದನ್ನು ನೋಡಿಕೊಳ್ಳುವವನಿಗೆ ಬಿಟ್ಟುಕೊಟ್ಟ ಭೂಮಿ ಅದು. ಹೂಳು ಹೊರುವ ಬಂಡಿಗೆ, ಎತ್ತುಗಳಿಗೆ ಅಂತಲೂ ದತ್ತಿ ಇರುತ್ತಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಡೆಲಿವರಿ ಕೊಟ್ಟು ಕೈತೊಳೆದುಕೊಂಡಿಲ್ಲ. ಮೇಂಟೆನೆನ್ಸಿಗೆ ಬಜೆಟ್ಟನ್ನು ಕಲ್ಲಿನ ಮೇಲೇ ಕೆತ್ತಿಸಿದ್ದಾರೆ.

ತುರುವೇಕೆರೆಯ ಚೆನ್ನಕೇಶವ ದೇವಾಲಯವನ್ನು 1263ರ ಸುಮಾರಿಗೆ ಕಟ್ಟಿಸಿದವನು ಹೊಯ್ಸಳ ಮುಮ್ಮಡಿ ನರಸಿಂಹನ ದಂಡನಾಯಕ ಸೋಮಣ್ಣ. ಸೋಮನಾಥಪುರ ಕಟ್ಟಿಸಿದ್ದೂ ಇವನೇ. ಅದು 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿ ಸೇರಿತು. ತುರುವೇಕೆರೆಯ ಗುಡಿ ಮಾತ್ರ ತನ್ನ ಪಾಡಿಗೆ ಮಳೆಯಲ್ಲಿ ನೆನೆಯುತ್ತಾ ನಿಂತಿದೆ. ದಂಡನಾಯಕ ಅಂದ್ರೆ ಸೈನ್ಯದವನು. ಆದರೂ ಅವನ ಹೆಸರು ಹೇಳೋಕೆ ಇವತ್ತು ಉಳಿದಿರೋದು ಗುಡಿಗಳು, ಕೋಟೆಯಲ್ಲ. ಅಂದಹಾಗೆ ತಿಪಟೂರಿನ ಹತ್ತಿರದ ಅರಳಗುಪ್ಪೆಗೂ ಹೋಗಿ. ಕಲ್ಲೇಶ್ವರ ಗುಡಿಯ ಚಾವಣಿಯಲ್ಲಿ ಅಷ್ಟದಿಕ್ಪಾಲಕರ ನಡುವೆ ಶಿವ ಕುಣಿಯುತ್ತಿದ್ದಾನೆ. ಸೋಮಣ್ಣನಿಗಿಂತ ಮುನ್ನೂರು ವರ್ಷಕ್ಕೂ ಹಳೆಯದು. ಕತ್ತು ನೋಯುವವರೆಗೂ ನೋಡಬಹುದು.

ಒಂದು ವಿಷಯ. ಮೊದಲು ಹೇಳಿದೆನಲ್ಲ ಆಷಾಢದ ಸೋನೆ, ಅದು ಫೋಟೋಗೆ ಚೆನ್ನ, ಕೆರೆಗೆ ಸಾಲದು. ಇಲ್ಲಿ ಕೆರೆ ತುಂಬಿಸೋದು ಉತ್ತರೆ, ಹಸ್ತ, ಚಿತ್ತೆ ಮಳೆಗಳು, ಅಂದರೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ರಾತ್ರಿ ಗುಡುಗಿಕೊಂಡು ಬರುವಂಥವು. ಆ ನೀರನ್ನು ಹಿಡಿದಿಟ್ಟರೆ ತೋಟದ ಬಾವಿಗೆ ಸೆಲೆ. ಬಾವಿಗೆ ಕಪಿಲೆ ಕಟ್ಟಿ ನೀರು ಮೊಗೆದರೆ ತೆಂಗು. ಆ ಕಾಯಿಯನ್ನು ಹನ್ನೊಂದು ತಿಂಗಳು ಅಟ್ಟದ ಮೇಲಿಟ್ಟರೆ ತಿಪಟೂರಿನ ಉಂಡೆಕೊಬ್ಬರಿ.

ಬೋರ್‌ವೆಲ್ ಬಂದಮೇಲೆ ಈ ಸರಪಳಿ ನಡುವೆಯೇ ತುಂಡಾಯಿತು. ನೀರು ತೋಟದ ಮೂಲೆಯಲ್ಲೇ ಸಿಗುವಾಗ ತೂಬು ಯಾಕೆ, ನೀರುಗಂಟಿ ಯಾಕೆ? ಹೂಳು ತುಂಬಿತು, ಅಂಗಳದಲ್ಲಿ ಜಾಲಿ ಬೆಳೆಯಿತು. ಬೋರು ಮಾತ್ರ ಸಾವಿರ ಅಡಿ ದಾಟಿತು. ಕಳೆದ ದಶಕದ ಬರಗಾಲಗಳಲ್ಲಿ ಸುಳಿ ಬಾಗಿ ಒಣಗಿದ ತೆಂಗಿನ ಸಾಲುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡಗಳಲ್ಲಿ ಕಬ್ಬಿಣದ ಅದಿರಿಗಾಗಿ ಅಗೆದದ್ದು ಬೇರೆ. ಸುಪ್ರೀಂ ಕೋರ್ಟ್ 2011ರಲ್ಲಿ ತುಮಕೂರು ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಬೇಕಾಯಿತು. ಕೆರೆಗೆ ನೀರು ಇಳಿಯೋದು ಗುಡ್ಡದಿಂದಲೇ ಅಲ್ವಾ?

ಈಗ ಗೊರೂರಿನ ಹೇಮಾವತಿ ನೀರು ನಾಲೆಯಲ್ಲಿ ಬಂದು ತಿಪಟೂರು, ತುರುವೇಕೆರೆ ಕಡೆಯ ಕೆಲವು ಕೆರೆಗಳಿಗೆ ಬೀಳುತ್ತಿದೆ. ನಾಲೆಗೆ ಎಂಜಿನಿಯರುಗಳಿದ್ದಾರೆ, ಗೇಟಿಗೆ ಬೀಗ ಇದೆ, ಯಾವ ತಾಲ್ಲೂಕಿಗೆ ಎಷ್ಟು ಅನ್ನೋ ಜಗಳವೂ ಇದೆ. 2022ರ ಭಾರಿ ಮಳೆಗೆ ಜಿಲ್ಲೆಯಲ್ಲಿ ಎಷ್ಟೋ ಕೆರೆಗಳು ಕೋಡಿ ಬಿದ್ದವು. ಜನ ಬಾಗಿನ ಕೊಟ್ಟರು, ಕೋಡಿಯಲ್ಲಿ ನಿಂತು ಸೆಲ್ಫಿ ತೆಗೆದುಕೊಂಡರು. ಆ ಏರಿಗಳ ಮೇಲೆ ಬೆಳೆದಿರೋ ಗಿಡಗಳನ್ನು ಕಡಿಯೋದು, ತೂಬಿಗೆ ಗ್ರೀಸ್ ಹಾಕೋದು ಯಾರ ಕೆಲಸ ಅಂತ ಊರಲ್ಲಿ ಕೇಳಿ ನೋಡಿ. ಪಂಚಾಯ್ತಿಯವರು ಸಣ್ಣ ನೀರಾವರಿಯವರ ಕಡೆ ಕೈ ತೋರಿಸ್ತಾರೆ, ಅವರು ಪಂಚಾಯ್ತಿ ಕಡೆ.