ಮೂತ್ರಪಿಂಡ ಕಸಿ: ಸಹಿ ಹಾಕುವ ಮುನ್ನ ತಿಳಿಯಬೇಕಾದ ಅಪಾಯಗಳು

ಮೂತ್ರಪಿಂಡಗಳು ಪೂರ್ಣ ವಿಫಲವಾದವರಿಗೆ, ದೇಹಸ್ಥಿತಿ ಅನುಕೂಲಕರವಾಗಿದ್ದಲ್ಲಿ, ಡಯಾಲಿಸಿಸ್‌ಗಿಂತ ಕಸಿಯೇ ಮೇಲು ಎಂಬುದು ವೈದ್ಯರ ಸಾಮಾನ್ಯ ಅಭಿಪ್ರಾಯ. ಆದರೆ ಕಸಿಯಾದೊಡನೆ ರೋಗ ವಾಸಿಯಾಯಿತೆಂದು ಭಾವಿಸುವಂತಿಲ್ಲ. ಅಂದಿನಿಂದಲೇ ಜೀವನಪರ್ಯಂತದ ಇನ್ನೊಂದು ಚಿಕಿತ್ಸೆ ಆರಂಭವಾಗುತ್ತದೆ.

ತಿರಸ್ಕಾರದ ಭೀತಿ

ವಿಶ್ವದ ಮೊದಲ ಯಶಸ್ವಿ ಮೂತ್ರಪಿಂಡ ಕಸಿ 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್‌ನಲ್ಲಿ ನಡೆಯಿತು. ಡಾ. ಜೋಸೆಫ್ ಮರ್ರೆ ಅವರು ರೊನಾಲ್ಡ್ ಹೆರಿಕ್ ಅವರ ಮೂತ್ರಪಿಂಡವನ್ನು ಅವರ ಸಹೋದರ ರಿಚರ್ಡ್ ಅವರಿಗೆ ಜೋಡಿಸಿದರು. ಇಬ್ಬರೂ ತದ್ರೂಪಿ ಅವಳಿಗಳಾದ್ದರಿಂದ ದೇಹವು ಹೊಸ ಅಂಗವನ್ನು ತಿರಸ್ಕರಿಸಲಿಲ್ಲ. ಉಳಿದವರಲ್ಲಿ ರೋಗನಿರೋಧಕ ವ್ಯವಸ್ಥೆಯು ಹೊಸ ಅಂಗವನ್ನು ಪರಕೀಯವೆಂದು ಗುರುತಿಸಿ ದಾಳಿ ನಡೆಸುತ್ತದೆ. ಇದನ್ನು ತಡೆಯಲು ಟ್ಯಾಕ್ರೊಲಿಮಸ್, ಮೈಕೋಫಿನೊಲೇಟ್, ಸ್ಟೀರಾಯ್ಡ್ ಮುಂತಾದ ಔಷಧಗಳನ್ನು ನಿತ್ಯ ಸೇವಿಸಬೇಕು. ಖರ್ಚಿಗೆ ಹೆದರಿ ಮಾತ್ರೆ ನಿಲ್ಲಿಸಿದರೆ, ಎಷ್ಟೋ ವರ್ಷಗಳ ನಂತರವೂ ಅಂಗ ಕೈಕೊಡಬಹುದು.

ಔಷಧಗಳ ದುಷ್ಪರಿಣಾಮ

ರೋಗನಿರೋಧಕ ಶಕ್ತಿ ಕುಂದುವುದರಿಂದ ಸೋಂಕು ಸುಲಭವಾಗಿ ತಗಲುತ್ತದೆ. ಭಾರತದಲ್ಲಿ ಕ್ಷಯರೋಗದ ಭಯ ಹೆಚ್ಚು. ಅದಕ್ಕೆ ನೀಡುವ ರಿಫಾಂಪಿಸಿನ್, ರಕ್ತದಲ್ಲಿ ಟ್ಯಾಕ್ರೊಲಿಮಸ್ ಪ್ರಮಾಣವನ್ನು ತಗ್ಗಿಸುವುದರಿಂದ ವೈದ್ಯರು ಎಚ್ಚರಿಕೆಯಿಂದ ಪ್ರಮಾಣ ಸರಿಹೊಂದಿಸಬೇಕಾಗುತ್ತದೆ. ಚಕ್ಕೋತ ಹಣ್ಣು ಇದಕ್ಕೆ ವಿರುದ್ಧವಾಗಿ ಅದೇ ಪ್ರಮಾಣವನ್ನು ಏರಿಸಬಲ್ಲದು; ಆದುದರಿಂದ ಅದು ವರ್ಜ್ಯ.

ಮಧುಮೇಹ, ರಕ್ತದೊತ್ತಡ, ಮೂಳೆ ಸವೆತ, ಚರ್ಮ ಹಾಗೂ ದುಗ್ಧಗ್ರಂಥಿಗಳ ಕ್ಯಾನ್ಸರ್ ಇತರ ಅಪಾಯಗಳು. ಟ್ಯಾಕ್ರೊಲಿಮಸ್ ದೀರ್ಘಕಾಲದಲ್ಲಿ ಮೂತ್ರಪಿಂಡಕ್ಕೇ ಹಾನಿ ಮಾಡಬಲ್ಲದು. ಮೈಕೋಫಿನೊಲೇಟ್ ಗರ್ಭಸ್ಥ ಶಿಶುವಿಗೆ ಅಪಾಯಕಾರಿಯಾದ್ದರಿಂದ, ಗರ್ಭಧಾರಣೆಗೆ ಮೊದಲೇ ವೈದ್ಯರ ಸಲಹೆಯಂತೆ ಬದಲಿಸಬೇಕು.

ಮೂಲ ರೋಗ ಮರುಕಳಿಸುವುದೂ ಉಂಟು. ರಿಚರ್ಡ್ ಹೆರಿಕ್ ಅವರ ಹೊಸ ಮೂತ್ರಪಿಂಡಕ್ಕೂ ಹಳೆಯ ರೋಗ ತಗಲಿತು. ಅವರು 1963ರಲ್ಲಿ ನಿಧನರಾದರು. ಕಸಿ ಮಾಡಿದ ಅಂಗ ಸಾಮಾನ್ಯವಾಗಿ ಆಯುಷ್ಯವಿಡೀ ಬಾಳುವುದಿಲ್ಲ. ಕಿರಿಯ ವಯಸ್ಸಿನ ರೋಗಿಗೆ ಮತ್ತೆ ಡಯಾಲಿಸಿಸ್ ಅಥವಾ ಎರಡನೇ ಕಸಿ ಬೇಕಾಗಬಹುದು.

ದಾನಿಯ ಪಾಡು

ದಾನ ಮಾಡಿದ ರೊನಾಲ್ಡ್ 2010ರವರೆಗೆ ಬದುಕಿದ್ದರು. ದಾನಿಗಳಲ್ಲಿ ಬಹುತೇಕರು ಆರೋಗ್ಯವಾಗಿಯೇ ಇರುತ್ತಾರೆ. ಆದರೂ ಅಪಾಯ ಶೂನ್ಯವಲ್ಲ. ಅಮೆರಿಕದ 80 ಸಾವಿರಕ್ಕೂ ಹೆಚ್ಚು ದಾನಿಗಳನ್ನು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಶಸ್ತ್ರಚಿಕಿತ್ಸೆಯ ನಂತರದ 90 ದಿನಗಳಲ್ಲಿ ಸಂಭವಿಸಿದ ಸಾವು ಪ್ರತಿ 10 ಸಾವಿರಕ್ಕೆ ಸುಮಾರು 3. ದಾನದ ನಂತರ ಗರ್ಭಿಣಿಯಾಗುವವರಲ್ಲಿ ರಕ್ತದೊತ್ತಡದ ತೊಂದರೆ ಹೆಚ್ಚು. ನಮ್ಮ ದೇಶದಲ್ಲಿ ಜೀವಂತ ದಾನಿಗಳ ಪೈಕಿ ತಾಯಿ, ಪತ್ನಿ, ಸೋದರಿಯರೇ ಅಧಿಕ ಎಂಬುದರಿಂದ ಈ ಮಾತಿಗೆ ಮಹತ್ವವಿದೆ. ಮನೆಯವರ ಒತ್ತಾಯಕ್ಕೆ ಮಣಿದು ನೀಡುವ ಒಪ್ಪಿಗೆಯನ್ನು ದಾನವೆನ್ನಲಾಗದು.

ಅಂಗ ಮಾರಾಟವನ್ನು 1994ರ ಕಾಯ್ದೆ ನಿಷೇಧಿಸಿದೆ. 2011ರ ತಿದ್ದುಪಡಿಯಂತೆ ತಪ್ಪಿತಸ್ಥರಿಗೆ 5ರಿಂದ 10 ವರ್ಷಗಳವರೆಗೆ ಜೈಲುವಾಸ, 20 ಲಕ್ಷದಿಂದ 1 ಕೋಟಿ ರೂ.ವರೆಗೆ ದಂಡ ವಿಧಿಸಬಹುದು. ಮೃತ ದಾನಿಗಳ ಅಂಗಕ್ಕಾಗಿ ಕಾಯುವವರ ನೋಂದಣಿಯನ್ನು ರಾಜ್ಯದಲ್ಲಿ 'ಜೀವಸಾರ್ಥಕತೆ' ಸಂಸ್ಥೆ ನಿರ್ವಹಿಸುತ್ತದೆ.

ಕಸಿಗೆ ಮುಂದಾಗುವವರು ಶಸ್ತ್ರಚಿಕಿತ್ಸೆಯ ವೆಚ್ಚದ ಜೊತೆಗೆ ಮುಂದಿನ ವರ್ಷಗಳ ಔಷಧ ಹಾಗೂ ರಕ್ತಪರೀಕ್ಷೆಯ ವೆಚ್ಚವನ್ನೂ ಮೊದಲೇ ಲೆಕ್ಕ ಹಾಕುವುದು ಒಳಿತು. ದಾನಿಯು ಮನೆಯವರ ಅನುಪಸ್ಥಿತಿಯಲ್ಲಿ ವೈದ್ಯರೊಡನೆ ಒಮ್ಮೆಯಾದರೂ ಮಾತನಾಡುವುದು ಅಗತ್ಯ.