ಕೃಷ್ಣಾತೀರದ ಮುಂದಾಳ್ತನ

ಹಿಪ್ಪರಗಿಯ ಸೀಮೆಯಲ್ಲಿ ಕೃಷ್ಣೆಯ ಪಾತ್ರವು ವಿಶಾಲವಾಗಿಯೂ ಇಬ್ಬದಿಯ ಎರೆಭೂಮಿಯು ಫಲವತ್ತಾಗಿಯೂ ಇದ್ದರೂ, ಹಿಂದಿನ ತಲೆಮಾರುಗಳ ಒಕ್ಕಲಿಗನ ಪಾಲಿಗೆ ಆ ನದಿಯು ಮಳೆಗಾಲದಲ್ಲಿ ಭೀತಿಯನ್ನೂ ಬೇಸಗೆಯಲ್ಲಿ ನಿರಾಶೆಯನ್ನೂ ತರುವಂಥದಾಗಿಯೇ ಇದ್ದಿತು. ನೆಲವು ಒಂದೇ ಆದರೂ ಆಳ್ವಿಕೆಯು ಒಂದಾಗಿರಲಿಲ್ಲ. 1948ರವರೆಗೆ ಜಮಖಂಡಿಯು ಪಟವರ್ಧನರದು, ಮುಧೋಳವು ಘೋರ್ಪಡೆಯವರದು, ತೇರದಾಳ ರಬಕವಿಗಳು ಸಾಂಗಲಿ ಸಂಸ್ಥಾನದವು. ಇಂತು ಹಂಚಿಹೋಗಿದ್ದ ಜನರನ್ನು ಒಂದು ಉದ್ಯಮದಲ್ಲಿ ಕೂಡಿಸಿದ ಶಕ್ತಿಯು ಯಾವುದು, ಒಬ್ಬ ಪುರುಷನ ವರ್ಚಸ್ಸೋ ಒಂದು ಸಮೂಹದ ಕಟ್ಟಳೆಯೋ ಎಂಬುದನ್ನು ವಿಚಾರಿಸುವುದಕ್ಕೆ ಈ ನದೀತೀರದಷ್ಟು ಅನುಕೂಲವಾದ ಸ್ಥಳವು ವಿರಳ.

ಪ್ರಾಚೀನ ಸಾಕ್ಷ್ಯವು ಕಟ್ಟಳೆಯ ಪರವಾಗಿದೆ. ಹಿಪ್ಪರಗಿಗೆ ಅನತಿದೂರದಲ್ಲಿರುವ ತೇರದಾಳದಲ್ಲಿ 12ನೆಯ ಶತಮಾನದ ಪೂರ್ವಾರ್ಧದಲ್ಲಿ ಮಂಡಲಿಕ ಗೊಂಕನು ನೇಮಿನಾಥನ ಬಸದಿಯನ್ನು ಕಟ್ಟಿಸಿದನು. ಆ ಬಸದಿಯ ಶಾಸನದಲ್ಲಿ ಅರಸರ ಪ್ರಶಸ್ತಿಯ ಜೊತೆಯಲ್ಲಿಯೇ ವೀರಬಣಂಜುಧರ್ಮವನ್ನು ಪರಿಪಾಲಿಸುವ ಅಯ್ಯಾವೊಳೆಯ ಐನೂರ್ವರ ವರ್ಣನೆಯೂ ಬರುತ್ತದೆ. ಇಂದಿನ ಐಹೊಳೆಯನ್ನು ಮೂಲಸ್ಥಾನವೆಂದು ಹೇಳಿಕೊಂಡ ಈ ವರ್ತಕಸಮೂಹವು ಕನ್ನಡನಾಡನ್ನು ದಾಟಿ, ತಮಿಳುನಾಡನ್ನೂ ಸಿಂಹಳವನ್ನೂ ಮುಟ್ಟಿ, 1088ರ ವೇಳೆಗೆ ಸುಮಾತ್ರಾ ದ್ವೀಪದಲ್ಲಿಯೂ ಶಿಲಾಶಾಸನವನ್ನು ಹಾಕಿಸಿದಷ್ಟು ಪ್ರಬಲವಾಗಿದ್ದಿತು. ಶತಮಾನಗಳ ಕಾಲ ಬಾಳಿದ ಈ ಸಂಸ್ಥೆಯನ್ನು ಸ್ಥಾಪಿಸಿದವನಾರು, ಉತ್ತುಂಗಕ್ಕೇರಿಸಿದವನಾರು ಎಂದು ಕೇಳಿದರೆ ಚರಿತ್ರೆಯು ಒಬ್ಬನ ಹೆಸರನ್ನು ಮುಂದಿಡುವುದಿಲ್ಲ. ಬಿರುದುಗಳೆಲ್ಲ ಸಮೂಹಕ್ಕೆ ಸಂದವು. ದಾನವನ್ನು ಸಮೂಹವೇ ಕೊಟ್ಟಿತು. ಆಣತಿಯೂ ಸಮೂಹದ್ದೇ ಆಗಿದ್ದಿತು.

ಇದಕ್ಕೆ ಸಂಪೂರ್ಣವಾಗಿ ಪ್ರತಿಮುಖವಾದ ದೃಷ್ಟಾಂತವನ್ನು ನಮ್ಮ ಕಾಲವು ಅದೇ ನದಿಯ ಮೇಲೆ ಒದಗಿಸಿತು. ಹಿಪ್ಪರಗಿಯಿಂದ ಕೆಳಗೆ, ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ, ನದಿಗೆ ಒಡ್ಡು ಹಾಕಿ ನೀರು ನಿಲ್ಲಿಸಬೇಕೆಂಬ ರೈತರ ಬೇಡಿಕೆಯು ಸರಕಾರದ ಕಡತಗಳಲ್ಲಿ ಉಳಿದುಹೋದಾಗ, ಸಿದ್ದು ನ್ಯಾಮಗೌಡರು ಊರೂರು ತಿರುಗಿ, ಊರ ಜನರ ಸಭೆಯಾದ ದೈವವನ್ನು ಕೂಡಿಸಿ, ಕೃಷ್ಣಾತೀರ ರೈತ ಸಂಘದ ಮೂಲಕ ಪಟ್ಟಿ ಎತ್ತಿಸಿ, ರೈತರ ಹಣದಿಂದಲೂ ರೈತರ ಶ್ರಮದಾನದಿಂದಲೂ 1989ರಲ್ಲಿ ಬ್ಯಾರೇಜನ್ನು ಕಟ್ಟಿಸಿದರು. ಅದಕ್ಕೆ ‘ಶ್ರಮಬಿಂದು ಸಾಗರ’ವೆಂಬ ಹೆಸರಾಯಿತು, ಅವರಿಗೆ ‘ಬ್ಯಾರೇಜ್ ಸಿದ್ದು’ ಎಂಬ ಹೆಸರು ಅಂಟಿತು. ನೀರು ಇನ್ನೂ ಬಾರದಿರುವಾಗ ನೀರಿಗಾಗಿ ದುಡ್ಡು ಕೊಡುವುದೆಂದರೆ ಒಕ್ಕಲಿಗನಿಗೆ ಸಾಮಾನ್ಯವಾದ ಸಾಹಸವಲ್ಲ. ನಾಲ್ಕು ಮಳೆ ಕೈಕೊಟ್ಟರೆ ಸಾಲಗಾರನಾಗುವವನು, ಸರಕಾರದ ಮುದ್ರೆಯಿಲ್ಲದ, ಬ್ಯಾಂಕಿನ ಭರವಸೆಯಿಲ್ಲದ ಒಂದು ಕಾರ್ಯಕ್ಕೆ ಗಂಟು ಬಿಚ್ಚಿದನೆಂದರೆ, ಅವನು ನಂಬಿದ್ದು ನಕ್ಷೆಯನ್ನಲ್ಲ, ನಕ್ಷೆಯನ್ನು ಹಿಡಿದು ನಿಂತ ಮನುಷ್ಯನನ್ನು. ವರ್ಚಸ್ವಿಯಾದ ಮುಂದಾಳಿನ ಪರಮೋಪಕಾರವು ಇದೇ: ಚದುರಿದ ಅಲ್ಪಧನವನ್ನೂ ಚದುರಿದ ಅಲ್ಪವಿಶ್ವಾಸವನ್ನೂ ಆತನು ತನ್ನ ಹೆಸರಿನ ಹೊಣೆಯ ಮೇಲೆ ಒಂದುಗೂಡಿಸಬಲ್ಲನು, ಆ ಮೊದಲ ಹೆಜ್ಜೆಯನ್ನು ಯಾವ ಕಾಯಿದೆಯೂ ಇಡಿಸಲಾರದು.

ಆದರೆ ಇಂಥ ವಿಶ್ವಾಸವು ಹುಟ್ಟಿದ ಕಾರ್ಯದೊಳಗೇ ನಿಲ್ಲುವ ಸ್ವಭಾವದ್ದಲ್ಲ. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯ ಮತದಾರರು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರಂಥ ಪ್ರಸಿದ್ಧರನ್ನು ಸೋಲಿಸಿ ನ್ಯಾಮಗೌಡರನ್ನು ದಿಲ್ಲಿಗೆ ಕಳುಹಿಸಿದರು. ಅವರು ಕೇಂದ್ರದಲ್ಲಿ ಕಲ್ಲಿದ್ದಲಿನ ರಾಜ್ಯಸಚಿವರೂ ಆದರು. 2018ರ ಮೇ ತಿಂಗಳಲ್ಲಿ, ಜಮಖಂಡಿಯ ಶಾಸಕರಾಗಿ ಪುನಃ ಆಯ್ಕೆಯಾದ ಕೆಲವೇ ದಿನಗಳಲ್ಲಿ, ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ, ಉಪಚುನಾವಣೆಯಲ್ಲಿ ಜನರು ಅವರ ಮಗನನ್ನೇ ಆರಿಸಿದರು. ಇದರಲ್ಲಿ ಕೃತಜ್ಞತೆಯಿದೆ, ಅದು ನಿಂದ್ಯವೂ ಅಲ್ಲ. ಆದರೆ ಉದ್ಯಮದ ಋಣವು ಮತವಾಗಿಯೂ ಮತದ ಋಣವು ಮನೆತನದ ಹಕ್ಕಾಗಿಯೂ ಪರಿಣಮಿಸುವ ದಾರಿಯು ಇಷ್ಟೊಂದು ಸಲೀಸಾಗಿರುವುದು ವಿಚಾರಯೋಗ್ಯವಾಗಿದೆ. ಕಬ್ಬಿನ ನಾಡುಗಳಲ್ಲಿ ಕಾರ್ಖಾನೆಯ ಅಧ್ಯಕ್ಷಪೀಠವು ವಿಧಾನಸಭೆಯ ಮೆಟ್ಟಿಲಾಗುವುದನ್ನು ಕೃಷ್ಣೆ ಹರಿಯುವ ಮಹಾರಾಷ್ಟ್ರ ಕರ್ನಾಟಕಗಳೆರಡರಲ್ಲಿಯೂ ಕಾಣಬಹುದು. ಅಂಥ ಕಡೆ ಲೆಕ್ಕ ಕೇಳಿದವನು ದ್ರೋಹಿಯೆನಿಸಿಕೊಳ್ಳುವನು, ಲೆಕ್ಕ ಕೇಳದವನು ನಿಷ್ಠನೆನಿಸಿಕೊಳ್ಳುವನು; ಕ್ರಮೇಣ ಮುಂದಾಳಿನ ಸುತ್ತ ಹೌದೆನ್ನುವವರೇ ಉಳಿಯುವರು. ಎತ್ತು ಗಟ್ಟಿಯಾಗಿದೆಯೆಂದು ನೊಗವನ್ನು ನೋಡದೆ ಹೂಡುವ ಒಕ್ಕಲಿಗನಿಲ್ಲ. ಉದ್ಯಮದಲ್ಲಿ ಮಾತ್ರ ಆ ವಿವೇಕವನ್ನು ನಾವು ಮರೆಯುತ್ತೇವೆ.

ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರನು ವರ್ಚಸ್ಸಿನ ಅಧಿಕಾರವು ಸ್ವಭಾವತಃ ಅಸ್ಥಿರವೆಂದೂ, ಅದು ಬಾಳಬೇಕಾದರೆ ನಿಯಮದ ರೂಪವನ್ನೋ ವಂಶದ ರೂಪವನ್ನೋ ತಾಳಲೇಬೇಕೆಂದೂ ನಿರೂಪಿಸಿದನು. ನಿಯಮದ ದಾರಿಯನ್ನು ಹಿಡಿದವರಿಗೂ ಕೊರತೆಯಿಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ 1905ರಲ್ಲಿ ಹುಟ್ಟಿದ ಪತ್ತಿನ ಸಂಘವು, ಹೊಸ ಸಹಕಾರಿ ಕಾಯಿದೆಯ ಚೌಕಟ್ಟಿನೊಳಗೇ ನೋಂದಣಿಯಾಯಿತು. ಆಗಿನ ಅಹಮದನಗರ ಜಿಲ್ಲೆಯ ಪ್ರವರಾನಗರದಲ್ಲಿ 1950ರ ಸುಮಾರಿಗೆ ಸಹಕಾರಿ ಸಕ್ಕರೆ ಕಾರ್ಖಾನೆಯು ಆರಂಭವಾದಾಗ, ರೈತರ ಷೇರುಗಳನ್ನು ಕೂಡಿಸಿದ ವಿಠ್ಠಲರಾವ್ ವಿಖೆ ಪಾಟೀಲರು ಅಧ್ಯಕ್ಷಪೀಠದಲ್ಲಿ ತಾವು ಕೂಡದೆ ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡಗೀಳರನ್ನು ಕೂಡಿಸಿದರು. ಜನರನ್ನು ತರುವ ಕೈ ಒಂದು, ಲೆಕ್ಕವನ್ನು ನೋಡುವ ಕಣ್ಣು ಇನ್ನೊಂದು ಎಂಬ ಈ ವಿಭಾಗವು ಅತ್ಯಂತ ವಿವೇಕಯುತವಾದುದು.

ಹಾಗೆಂದು ಕಟ್ಟಳೆಯೊಂದೇ ಸಾಕೆನ್ನಲಾಗದು. ಹಿಪ್ಪರಗಿಯ ಬ್ಯಾರೇಜು ಸರಕಾರದ ಕಾರ್ಯ. ಅಲ್ಲಿ ನಿಯಮವಿದ್ದಿತು, ಇಲಾಖೆಯಿದ್ದಿತು, ಲೆಕ್ಕಪತ್ರವಿದ್ದಿತು. ಆದರೂ ಆ ಕಾಮಗಾರಿಯು ದಶಕಗಳ ಕಾಲ ಕುಂಟುತ್ತ ಸಾಗಿ, ಸುಮಾರು 6 ಟಿ.ಎಂ.ಸಿ. ನೀರನ್ನು ಹಿಡಿಯುವ ಆ ಒಡ್ಡು ಈ ಶತಮಾನದಲ್ಲಿ ಮಾತ್ರ ರೈತನಿಗೆ ಒದಗಿತು. ತಮ್ಮ ಹೆಸರನ್ನೇ ಪಣಕ್ಕಿಟ್ಟು ನಿಂತವರು ಯಾರೂ ಇಲ್ಲದ ಕೆಲಸವು ಎಷ್ಟು ನಿಧಾನವಾಗಬಲ್ಲುದೆಂಬುದಕ್ಕೆ ಹಿಪ್ಪರಗಿಯೂ, ಒಬ್ಬನು ನಿಂತರೆ ಎಷ್ಟು ಶೀಘ್ರವಾಗಬಲ್ಲುದೆಂಬುದಕ್ಕೆ ಚಿಕ್ಕಪಡಸಲಗಿಯೂ ಸಾಕ್ಷಿಗಳಾಗಿವೆ.

ಆದುದರಿಂದ ಆರಂಭಕ್ಕೆ ವರ್ಚಸ್ಸೂ ಬಾಳುವೆಗೆ ಕಟ್ಟಳೆಯೂ ಬೇಕು ಎಂಬುದೇ ಈ ಚರಿತ್ರೆಯ ನಿರ್ಣಯ. ಚಿಕ್ಕಪಡಸಲಗಿಯ ನಿಜವಾದ ಸಾರ್ಥಕ್ಯವು 1989ರ ಸಾಹಸಕ್ಕಿಂತಲೂ, ನದಿಯ ಕೆಳಗಿನ ಆಲಮಟ್ಟಿ ಅಣೆಕಟ್ಟಿನ ಹಿನ್ನೀರನ್ನು ಪಂಪುಗಳಿಂದೆತ್ತಿ ಬ್ಯಾರೇಜನ್ನು ತುಂಬಿಸುವ ನೀರಸವಾದ ಕೆಲಸವನ್ನು ರೈತ ಸಂಘವು ಮುಂದೆ ಕೈಕೊಂಡುದರಲ್ಲಿದೆ. ಈ ತೀರದಲ್ಲಿ ಇನ್ನು ಮುಂದೆಯೂ ಮುಂದಾಳುಗಳು ಹುಟ್ಟುವರು, ಪಟ್ಟಿ ಎತ್ತಲು ಬರುವರು. ಓದುಗರು ಅವರಿಗೆ ಹಣವನ್ನು ಧಾರಾಳವಾಗಿ ಕೊಡಲಿ. ಕೊಟ್ಟ ಮೇಲೆ ವರ್ಷಕ್ಕೊಮ್ಮೆ ಸಭೆಗೆ ಹೋಗಿ ಲೆಕ್ಕವನ್ನು ತಪ್ಪದೆ ಕೇಳಲಿ.