ಸೂಜಿ ಚುಚ್ಚುವ ಚೀನೀ ವೈದ್ಯ: ಮನುಷ್ಯರಿಗೂ, ಸಾಕುನಾಯಿಗೂ

ಹುಬ್ಬಳ್ಳಿ: ಚೀನಾ ಮತ್ತು ವೈದ್ಯ ಎಂಬ ಎರಡು ಪದಗಳು ಜೊತೆಗೂಡಿದೊಡನೆ ನಮ್ಮ ಭಾಗದ ಹಿರಿಯರಿಗೆ ನೆನಪಾಗುವವರು ಡಾ. ದ್ವಾರಕಾನಾಥ ಕೋಟ್ನಿಸ್. ಇಲ್ಲಿಂದ ಗದಗ, ವಿಜಯಪುರ ಮಾರ್ಗವಾಗಿ ರೈಲಿನಲ್ಲಿ ತಲುಪಬಹುದಾದ, ಕನ್ನಡವೂ ಕೇಳಿಬರುವ ಸೊಲ್ಲಾಪುರದಲ್ಲಿ 1910ರಲ್ಲಿ ಜನಿಸಿದ ಅವರು, 1938ರಲ್ಲಿ ಕಾಂಗ್ರೆಸ್ ಕಳುಹಿಸಿದ ಐವರು ವೈದ್ಯರ ತಂಡದೊಡನೆ ಚೀನಾಕ್ಕೆ ತೆರಳಿದರು. ಯುದ್ಧದ ಗಾಯಾಳುಗಳ ಸೇವೆ ಮಾಡುತ್ತಲೇ 1942ರ ಡಿಸೆಂಬರ್ 9ರಂದು ಅಲ್ಲಿಯೇ ಕೊನೆಯುಸಿರೆಳೆದರು. ಕೋಟ್ನಿಸ್ ಅವರು ಶಸ್ತ್ರವೈದ್ಯರೇ ಹೊರತು ಸೂಜಿ ಚಿಕಿತ್ಸಕರಲ್ಲ. ಅದೇ ತಂಡದ ಡಾ. ಬಿ.ಕೆ. ಬಸು ಅವರು 1950ರ ದಶಕದ ಕೊನೆಯಲ್ಲಿ ಚೀನಾದಲ್ಲಿ ಅಕ್ಯುಪಂಕ್ಚರ್ ಕಲಿತು ಕೋಲ್ಕತ್ತದಲ್ಲಿ ಅದನ್ನು ಆರಂಭಿಸಿದರು. ಭಾರತದಲ್ಲಿ ಈ ಚಿಕಿತ್ಸೆ ಬೇರೂರಿದ್ದು ಹೀಗೆ.

ಏನಿದು ಪದ್ಧತಿ?

ದೇಹದಲ್ಲಿ 'ಚಿ' ಎಂಬ ಜೀವಶಕ್ತಿ ನಿರ್ದಿಷ್ಟ ನಾಳಗಳಲ್ಲಿ ಹರಿಯುತ್ತದೆ, ಹರಿವು ತಡೆಗೊಂಡಾಗ ರೋಗ ಹುಟ್ಟುತ್ತದೆ ಎಂಬುದು ಚೀನೀ ವೈದ್ಯರ ನಂಬಿಕೆ. ಈ ನಾಳಗಳ ಮೇಲೆ ಗುರುತಿಸಲಾದ 361 ಬಿಂದುಗಳಲ್ಲಿ ಕೂದಲೆಳೆಯಂತಹ ಸೂಜಿಗಳನ್ನು ಚುಚ್ಚುವುದು ಅಕ್ಯುಪಂಕ್ಚರ್. ಮಾಚಿಪತ್ರೆ ಜಾತಿಯ ಒಣ ಎಲೆಯನ್ನು ಉರಿಸಿ ಅದೇ ಬಿಂದುಗಳಿಗೆ ಶಾಖ ಕೊಡುವುದು ಮಾಕ್ಸಾ. ಇದನ್ನು ಕಂಡಾಗ ಹಳ್ಳಿಗಳಲ್ಲಿ ದನಕರುಗಳಿಗೂ ಎಳೆಮಕ್ಕಳಿಗೂ ಬರೆ ಎಳೆಯುತ್ತಿದ್ದುದು ನೆನಪಾದೀತು. ಮಾಕ್ಸಾದಲ್ಲಿ ಈಗ ಚರ್ಮವನ್ನು ಸಾಮಾನ್ಯವಾಗಿ ಸುಡುವುದಿಲ್ಲ. ಬಟ್ಟಲು ಕೂರಿಸಿ ಚರ್ಮವನ್ನು ಹೀರುವ ವಿಧಾನ ಯುನಾನಿಯ ಹಿಜಾಮಾ ಬಲ್ಲವರಿಗೆ ಹೊಸದೇನಲ್ಲ.

ಫಲ ಸಿಗುವುದೇ? ಬೆನ್ನುನೋವಿನ ಮಟ್ಟಿಗೆ ಉತ್ತರ ಸ್ವಾರಸ್ಯಕರವಾಗಿದೆ. ಜರ್ಮನಿಯಲ್ಲಿ 1162 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳ ಬಳಿಕ ಸರಿಯಾದ ಬಿಂದುಗಳಲ್ಲಿ ಚುಚ್ಚಿಸಿಕೊಂಡವರ ಪೈಕಿ ಶೇ. 47.6 ಜನರಿಗೆ, ಬಿಂದುಗಳಲ್ಲದ ಕಡೆ ಮೇಲುಮೇಲೆ ಚುಚ್ಚಿಸಿಕೊಂಡವರ ಪೈಕಿ ಶೇ. 44.2 ಜನರಿಗೆ ಆರಾಮ ಕಂಡಿತು. ಮಾತ್ರೆ, ವ್ಯಾಯಾಮಗಳ ರೂಢಿಯ ಚಿಕಿತ್ಸೆ ಪಡೆದವರಲ್ಲಿ ಈ ಪ್ರಮಾಣ ಶೇ. 27.4 ಮಾತ್ರ. ನೋವು ಕಡಿಮೆಯಾದದ್ದು ನಿಜ, ಆದರೆ ಬಿಂದುಗಳ ಮಹಿಮೆ ಸಿದ್ಧವಾಗಲಿಲ್ಲ. ನೋವಿನ ಉಪಶಮನಕ್ಕೆ ಇದನ್ನು ಪ್ರಯತ್ನಿಸುವುದರಲ್ಲಿ ತಪ್ಪಿಲ್ಲ; ಮಧುಮೇಹ, ಕ್ಯಾನ್ಸರ್‌ಗಳನ್ನೇ ಗುಣಪಡಿಸುವೆವೆಂಬ ಫಲಕ ಕಂಡಲ್ಲಿ ಒಳಗೆ ಹೋಗದಿರುವುದೇ ಲೇಸು.

ಚುಚ್ಚುವ ಅಧಿಕಾರ ಯಾರದು?

ನೋಂದಾಯಿತ ವೈದ್ಯರು ಅಥವಾ ಸೂಕ್ತ ತರಬೇತಿ ಪಡೆದವರು ಅಕ್ಯುಪಂಕ್ಚರ್ ನೀಡಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2003ರ ನವೆಂಬರ್‌ನಲ್ಲಿ ಆದೇಶಿಸಿತು. 2019ರ ಫೆಬ್ರವರಿಯಲ್ಲಿ ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯೆಂದು ಮಾನ್ಯ ಮಾಡಿತು. ಪಶ್ಚಿಮ ಬಂಗಾಳ, ಮಹಾರಾಷ್ಟ್ರಗಳು ಪ್ರತ್ಯೇಕ ಕಾಯಿದೆಯನ್ನೇ ರೂಪಿಸಿವೆ. ನಮ್ಮಲ್ಲಿ ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ಐದೂವರೆ ವರ್ಷಗಳ ಪದವಿಯ ಪಠ್ಯದಲ್ಲಿ ಅಕ್ಯುಪಂಕ್ಚರ್ ಸೇರಿದೆ. ಆದ್ದರಿಂದ ಅವಳಿ ನಗರದ ಯಾವುದೇ ಕೇಂದ್ರಕ್ಕೆ ಹೋದರೂ ಚಿಕಿತ್ಸಕರ ವಿದ್ಯಾರ್ಹತೆ, 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ಪಡೆದ ನೋಂದಣಿ ಪತ್ರಗಳನ್ನು ಸಂಕೋಚವಿಲ್ಲದೆ ಕೇಳಬಹುದು. ಸೂಜಿಯ ಪೊಟ್ಟಣವನ್ನು ಕಣ್ಣೆದುರೇ ಒಡೆಯಬೇಕು. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ತಾಗಿದರೆ ಹೆಪಟೈಟಿಸ್ ಬಿ ಹರಡಬಹುದು. ಎದೆಯ ಭಾಗದಲ್ಲಿ ಆಳಕ್ಕೆ ಚುಚ್ಚಿದರೆ ಶ್ವಾಸಕೋಶಕ್ಕೇ ತೂತಾದೀತು.

ನಾಯಿಗೆ ಸೂಜಿ

ಚೀನಾದಲ್ಲಿ ಕುದುರೆಗಳಿಗೆ ಸೂಜಿ ಚುಚ್ಚುವ ವಿದ್ಯೆ ಬಹು ಹಳೆಯದು. ಈಗ ಹೆಚ್ಚಾಗಿ ನಾಯಿಗಳ ಸಂಧಿವಾತಕ್ಕೆ, ಡ್ಯಾಶ್‌ಹಂಡ್‌ನಂತಹ ಉದ್ದ ಬೆನ್ನಿನ ತಳಿಗಳಲ್ಲಿ ಬೆನ್ನೆಲುಬಿನ ಡಿಸ್ಕ್ ಜಾರಿ ಹಿಂಗಾಲು ಸೋತಾಗ ಇದನ್ನು ಬಳಸುತ್ತಾರೆ. ಆದರೆ ಹಿಂಗಾಲು ಸೋಲಲು ಕಾರಣಗಳು ಹಲವು. ಡಿಸ್ಟೆಂಪರ್ ಇರಬಹುದು, ರೇಬೀಸ್‌ನ ಪಾರ್ಶ್ವವಾಯು ರೂಪವೂ ಇರಬಹುದು. ಲಸಿಕೆ ಹಾಕಿಸದ ನಾಯಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸೂಜಿ ಚುಚ್ಚಿಸುವವರು ತಮ್ಮ ಪ್ರಾಣವನ್ನೇ ಒತ್ತೆ ಇಟ್ಟಂತೆ, ಏಕೆಂದರೆ ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ಗೆ ಮದ್ದಿಲ್ಲ. ಡಿಸ್ಕ್ ಜಾರಿದ್ದೇ ನಿಜವಾದರೂ, ಪಾದದ ಬೆರಳನ್ನು ಬಲವಾಗಿ ಹಿಸುಕಿದಾಗ ನಾಯಿಗೆ ನೋವೇ ತಿಳಿಯದಿದ್ದರೆ ಶಸ್ತ್ರಚಿಕಿತ್ಸೆಗೆ ಉಳಿದಿರುವುದು ಗಂಟೆಗಳಷ್ಟೇ. ಆ ಹೊತ್ತನ್ನು ಸೂಜಿಯಲ್ಲಿ ಕಳೆಯಲಾಗದು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯಿದೆಯ ಪ್ರಕಾರ ಪಶುವೈದ್ಯ ವೃತ್ತಿ ನಡೆಸುವ ಅಧಿಕಾರ ನೋಂದಾಯಿತ ಪಶುವೈದ್ಯರದ್ದು; ಮನುಷ್ಯರಿಗೆ ಚುಚ್ಚುವ ಪರವಾನಗಿ ಪ್ರಾಣಿಗೆ ಸಲ್ಲದು.

ಗಿಡಮೂಲಿಕೆಯ ಮಾತು ಬೇರೆ

ನಮ್ಮ ದವನದ ಹತ್ತಿರದ ಸಂಬಂಧಿಯಾದ ಚೀನೀ ಗಿಡವೊಂದರಿಂದ ಮಲೇರಿಯಾದ ಆರ್ಟೆಮಿಸಿನಿನ್ ಔಷಧ ಕಂಡುಹಿಡಿದ ತೂ ಯೂಯೂ ಅವರಿಗೆ 2015ರಲ್ಲಿ ನೊಬೆಲ್ ದೊರೆಯಿತು. ಇನ್ನೊಂದೆಡೆ, 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆ ಸೇವಿಸಿದ ಅನೇಕ ಮಹಿಳೆಯರ ಮೂತ್ರಪಿಂಡಗಳೇ ಹಾಳಾದವು. ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲ ಅದಕ್ಕೆ ಕಾರಣವಾಗಿತ್ತು. ಮನೆಯವರ ಪುಡಿಯನ್ನು ನಾಯಿಗೂ ಚಿಟಿಕೆ ಕೊಡುವ ರೂಢಿ ಇದ್ದರೆ ಅದನ್ನು ಬಿಡುವುದು ಒಳಿತು. ಇನ್ನು ಚಿಪ್ಪುಹಂದಿಯ ಚಿಪ್ಪನ್ನು ಚೀನಾವೇ 2020ರಲ್ಲಿ ತನ್ನ ಅಧಿಕೃತ ಔಷಧ ಪಟ್ಟಿಯಿಂದ ಕೈಬಿಟ್ಟಿದೆ. ಭಾರತದಲ್ಲಂತೂ ಆ ಪ್ರಾಣಿ 1972ರ ವನ್ಯಜೀವಿ ಕಾಯಿದೆಯ ಮೊದಲ ಪರಿಚ್ಛೇದದ ರಕ್ಷಣೆಯಲ್ಲಿದ್ದು, ಔಷಧದ ಹೆಸರಿನಲ್ಲಿ ಚಿಪ್ಪು ಕೊಳ್ಳುವುದು, ಮಾರುವುದು ಜೈಲುಶಿಕ್ಷೆಗೆ ಗುರಿಯಾಗುವ ಅಪರಾಧ.